ಅಕ್ಕನ ಪಾಲಿನ ಪಕ್ಕೆಲುಬು

ನಮ್ಮತ್ತೆ ಹೊನ್ನೂರಮ್ಮನಿಗೆ ಕತ್ತರಿ ಎಂದರೆ ಸೇರುತ್ತಿರಲಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಇಪ್ಪತ್ತಾರು ವರ್ಷ ದುಡಿದವರು ಅವರು. ಹೊಲಿದು ಬಂದ ಪ್ಯಾಂಟುಗಳಲ್ಲಿ ಜೋತಾಡುವ ದಾರ ತೆಗೆಯುವುದು ಅವರ ಕೆಲಸ. ಎಲ್ಲರಿಗೂ ಕೊಟ್ಟಂತೆ ಅವರಿಗೂ ಕತ್ತರಿ ಕೊಟ್ಟಿದ್ದರು. ಅದು ಮೊಳೆಗೆ ನೇತಾಡಿಕೊಂಡೇ ತುಕ್ಕು ಹಿಡಿಯಿತು. ಅತ್ತೆ ದಾರವನ್ನು ಹಲ್ಲಿಗೆ ಕೊಟ್ಟು ಟಕ್ಕನೆ ಕಡಿದು ಪ್ಯಾಂಟನ್ನು ಆಚೆ ಎಸೆಯುತ್ತಿದ್ದರು. ಕೇಳಿದರೆ, "ಕತ್ತರಿ ಹುಡುಕೋದ್ರಾಗ ನಾಕು ಪ್ಯಾಂಟ್ ಮುಗೀತಾವ" ಎನ್ನುತ್ತಿದ್ದರು.

ಆ ಹಲ್ಲುಗಳಿಗೆ ಅವರ ತವರಿನಲ್ಲಿ ದೊಡ್ಡ ಹೆಸರಿತ್ತು. ತವರು ಸಿರುಗುಪ್ಪ ತಾಲೂಕಿನ ಕರೂರು. ತಾಯಿ ತೀರಿಹೋದಾಗ ಅತ್ತೆಗೆ ಹನ್ನೊಂದು ವರ್ಷ, ತಮ್ಮ ಅಯ್ಯಣ್ಣನಿಗೆ ಎರಡೂವರೆ. ಗದ್ದೆಯ ಕೂಲಿಗೆ ಹೋಗುವ ತಂದೆ ಮನೆಗೆ ಬರುವ ತನಕ ತಮ್ಮನಿಗೆ ಅಕ್ಕನೇ ಅವ್ವ. ಕಬ್ಬು ಸಿಕ್ಕರೆ ಹಲ್ಲಿನಿಂದಲೇ ಸಿಪ್ಪೆ ಸುಲಿದು ಕೊಡುವುದು, ಖಂಡ ಬೇಯಿಸಿದ ದಿನ ತುಂಡನ್ನು ತಾನು ಅಗಿದು ಮೆತ್ತಗೆ ಮಾಡಿ ಅವನ ಬಾಯಿಗಿಡುವುದು. ಅಯ್ಯಣ್ಣ ಮಾವ ಮೀಸೆ ಬಂದ ಮೇಲೂ, ಮೊಮ್ಮಕ್ಕಳಾದ ಮೇಲೂ, ಕೂತಲ್ಲಿ ನಿಂತಲ್ಲಿ "ನಾ ಬೆಳದದ್ದು ನಮ್ಮಕ್ಕನ ಹಲ್ಲಿನಿಂದ" ಎಂದು ಹೇಳಿಕೊಂಡು ತಿರುಗುತ್ತಿದ್ದರು.

ಅವರ ಮನೆಯಲ್ಲಿ ಒಂದು ಪದ್ಧತಿ ಇದೆ. ಉಗಾದಿಯ ಮರುದಿನ ನಾಲ್ಕಾರು ಮನೆಯವರು ಸೇರಿ ಹಂದಿ ಕೊಯ್ದಾಗ ಪಕ್ಕೆಲುಬು ಮನೆಮಗಳ ಪಾಲು. ಎಲ್ಲಿಗೆ ಕೊಟ್ಟಿದ್ದರೂ ಸರಿ, ತಮ್ಮನೋ ಅಣ್ಣನೋ ಅದನ್ನು ತಾನೇ ಹೊತ್ತು ತಂದು ಕೊಡಬೇಕು. ಆ ಎಲುಬನ್ನು ಸಾರಿಗೆ ಹಾಕುವಂತಿಲ್ಲ, ಸುಡಬೇಕು. ಅಕ್ಕ ಅವನ ಕಣ್ಣೆದುರು ಮೊದಲನೆಯದನ್ನು ಕಚ್ಚುವ ತನಕ ತಂದವನು ಆ ಮನೆಯ ನೀರು ಮುಟ್ಟುವುದಿಲ್ಲ. ಅಯ್ಯಣ್ಣ ಮಾವ ಮೂವತ್ತು ವರ್ಷ ತಪ್ಪದೆ ಸ್ಟೀಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕರೂರಿನಿಂದ ಸಿರುಗುಪ್ಪಕ್ಕೆ ಒಂದು ಬಸ್ಸು, ಅಲ್ಲಿಂದ ಬಳ್ಳಾರಿಗೆ ಇನ್ನೊಂದು ಬಸ್ಸು ಹಿಡಿದು ಬಂದಿದ್ದಾರೆ. ಅಕ್ಕ ತಿಂದಿಟ್ಟ ಎಲುಬನ್ನು ಎತ್ತಿ ಹಲ್ಲಿನ ಗುರುತು ನೋಡಿ, "ಇನ್ನಾ ಗಟ್ಟಿ ಅದಿ ಬಿಡಕ್ಕ" ಎಂದು ನಕ್ಕು, ಆಮೇಲೆ ತಂಬಿಗೆ ಎತ್ತುತ್ತಿದ್ದರು.

ಎರಡು ವರ್ಷದ ಹಿಂದೆ ಹಲ್ಲು ಕೈಕೊಟ್ಟವು. ದಾರ ಕಡಿದು ಕಡಿದು ಸವೆದಿದ್ದವು, ಜೊತೆಗೆ ವಸಡಿನ ಕಾಯಿಲೆ. ಡಾಕ್ಟರು ಮೇಲಿನವು, ಕೆಳಗಿನವು ಎಲ್ಲಾ ತೆಗೆದರು. ಕಟ್ಟಿಸಿದ ಹಲ್ಲಿನ ಸೆಟ್ಟು ಒತ್ತುತ್ತದೆಂದು ಅತ್ತೆ ಅದನ್ನು ಕುಂಕುಮದ ಹಳೆಯ ಡಬ್ಬಿಯಲ್ಲಿಟ್ಟು ಮರೆತರು. ಅಂದಿನಿಂದ ಬಾಯಿಗೆ ಸೆರಗು ಅಡ್ಡ. ಮಾತಾಡಿದರೂ ಸೆರಗು, ನಕ್ಕರೂ ಸೆರಗು. ತವರಿಗೆ ಹೇಳಬಾರದೆಂದು ನನ್ನಿಂದಲೂ, ನನ್ನ ಗಂಡ ಶೇಖರ್‌ನಿಂದಲೂ ಆಣೆ ಹಾಕಿಸಿಕೊಂಡರು.

ಆ ವರ್ಷದ ಉಗಾದಿಗೆ ನಾನು ನನ್ನ ತವರು ಕುರುಗೋಡಿಗೆ ಹೋಗಿದ್ದೆ. ಶೇಖರ್ ಬಸ್ ಕಂಡಕ್ಟರ್, ಹಬ್ಬದ ಡ್ಯೂಟಿಯಲ್ಲಿದ್ದರು. ಪಾಲು ತಂದ ತಮ್ಮನ ಎದುರು ಒಬ್ಬರೇ ಸಿಕ್ಕಿಬಿದ್ದ ಅತ್ತೆ, "ನಂದೊಂದು ಹರಕಿ ಐತಿ, ಖಂಡ ಮುಟ್ಟಂಗಿಲ್ಲ" ಎಂದುಬಿಟ್ಟರು. ಹಸಿ ಸುಳ್ಳು. ಪಾಪ, ಮಾವ ನೀರೂ ಕುಡಿಯದೆ ಡಬ್ಬಿ ಇಟ್ಟು ಹೋದರು. ಖಂಡ ಕೆಟ್ಟುಹೋಗುತ್ತದೆಂದು ಅತ್ತೆ ಅದನ್ನು ಜೊತೆಯಲ್ಲಿ ಕೆಲಸ ಮಾಡಿದ ಸಾವಂತ್ರಮ್ಮನಿಗೆ ಕೊಟ್ಟರು. ತಿಂದ ಸಾವಂತ್ರಮ್ಮ ಸುಮ್ಮನಿರಬೇಕೋ ಬೇಡವೋ? ಸಿರುಗುಪ್ಪದ ಮದುವೆಯೊಂದರಲ್ಲಿ ಅಯ್ಯಣ್ಣ ಮಾವನನ್ನೇ ಹುಡುಕಿಕೊಂಡು ಹೋಗಿ, "ನೀವು ತಂದ ಪಕ್ಕೆಲುಬು ಏನ್ ರುಚಿ ಇತ್ರಿ!" ಎಂದು ಹೊಗಳಿದಳು.

ತವರಿನ ಪಾಲನ್ನು ಅಕ್ಕ ಊರವರಿಗೆ ಹಂಚಿದಳು ಎಂಬುದು ಮಾವನಿಗೆ ನಾಟಿತು. ಮರುವರ್ಷ ಡಬ್ಬಿಯೂ ಇಲ್ಲ, ಫೋನೂ ಇಲ್ಲ. ಆ ದಿನ ಅತ್ತೆ ಬೆಳಗಿನಿಂದ ಸಂಜೆಯ ತನಕ ಬಾಗಿಲಲ್ಲಿ ಕೂತು ಅಕ್ಕಿ ಆರಿಸಿದರು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದರು. ನನಗೆ ಸಿಟ್ಟು ಬಂತು.

"ಹಲ್ಲು ಹೋಗ್ಯಾವ ಅಂತ ಒಂದು ಮಾತು ಹೇಳಾಕ ನಿಮಗೇನ್ರಿ ಅತ್ತೀ?"

"ಅವನಿಗೆ ಅವ್ವನ ನೆನಪಿಲ್ಲ ರಾಧಾ. ಅವನಿಗೆ ಅವ್ವ ಅಂದ್ರ ಈ ಹಲ್ಲು. ಅವೂ ಹೋದುವು ಅಂತ ಹೆಂಗ ಹೇಳಲಿ?"

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಹಲ್ಲು ಬರಿಸಲು ಆಗದಿದ್ದರೆ ಎಲುಬನ್ನಾದರೂ ಮೆತ್ತಗೆ ಮಾಡಬೇಕು. ಕುಕ್ಕರಿಗೆ ಹಾಕೋಣವೆಂದರೆ, "ನೀರಾಗ ಕುದಿಸಿದ್ದು ಪಾಲಲ್ಲ" ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದರು. ಕೆಂಡದಲ್ಲಿ ಸುಟ್ಟದ್ದಕ್ಕೆ ಹಲ್ಲೇ ಬೇಕು. ಹೀಗಿರುವಾಗ ಹಳೆಯ ಮಿಕ್ಸಿ ಕೊಟ್ಟರೆ ಬಿಸಿಗಾಳಿಯಲ್ಲೇ ಸುಡುವ ಹೊಸ ಏರ್ ಫ್ರೈಯರ್ ಎಂಬ ಆಫರ್ ಕಣ್ಣಿಗೆ ಬಿತ್ತು. ಮೇಲೆ ಒಂದಿಷ್ಟು ಕೊಟ್ಟು ಹೊತ್ತು ತಂದೆ. ಅತ್ತೆ ಅದರ ಸುತ್ತ ಒಂದು ಸುತ್ತು ಬಂದು 'ಗಾಳಿ ಒಲಿ' ಎಂದು ಹೆಸರಿಟ್ಟರು.

ನಮ್ಮ ಅಡುಗೆಮನೆಯ ಗೂಡಿನಲ್ಲೇ ಮನೆದೇವರು, ಹಾಗಾಗಿ ಹಂದಿ ಖಂಡ ಯಾವತ್ತಿದ್ದರೂ ಹೊರಗೇ ಬೇಯಬೇಕು. ಕರೂರಿನಲ್ಲಾದರೆ ಹಿತ್ತಲಲ್ಲಿ ಮೂರು ಕಲ್ಲು ಹೂಡುತ್ತಾರೆ. ಕಂಟೋನ್ಮೆಂಟಿನ ನಮ್ಮ ಬಾಡಿಗೆ ಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲೇ ಗತಿ. ಕಿಟಕಿಯಿಂದ ವೈರ್ ಎಳೆದು ಗಾಳಿ ಒಲೆಯನ್ನು ಅದರ ಮೇಲೆ ಕೂರಿಸಿದೆ. ಪೇಟೆಯಲ್ಲಿ ಕೊಂಡ ಪಕ್ಕೆಲುಬಿಗೆ ಮಸಾಲೆ ಸವರಿ, ಮೊಬೈಲಿನಲ್ಲಿ ನೋಡಿದಂತೆ ಇನ್ನೂರು ಡಿಗ್ರಿಗೆ ಇಪ್ಪತ್ತೈದು ನಿಮಿಷ ಇಟ್ಟೆ. ಬಂದದ್ದು ಚಪ್ಪಲಿ. ಶೇಖರ್ ಒಂದನ್ನು ಜಗ್ಗಿ ಜಗ್ಗಿ ಸೋತು ತಟ್ಟೆ ಸರಿಸಿದರು. ಅತ್ತೆ ಸೆರಗಿನ ಹಿಂದೆ ನಗುತ್ತಿದ್ದರು.

"ನಿನ್ನ ಒಲಿಯಾಗ ಬರೀ ಗಾಳಿ. ಗಾಳಿ ಒಣಗಸ್ತೈತಿ. ಮೊದ್ಲು ಖಂಡಾನ ಅದರ ನೀರಾಗೇ ಬೆವರಿಸ್ಬೇಕು, ಆಮ್ಯಾಲ ಗಾಳಿಗೆ ಬಿಡಬೇಕು" ಎಂದರು.

ಎರಡನೆಯ ಸಲ ಅವರೇ ಕೂತರು. ಎಲುಬಿನ ಒಳಮೈಗೆ ಅಂಟಿದ ತೆಳು ಪೊರೆಯನ್ನು ಉಗುರಿನಿಂದ ಎಬ್ಬಿಸಿ, ಒಣಬಟ್ಟೆಯಲ್ಲಿ ಹಿಡಿದು ಒಂದೇ ಎಳೆತಕ್ಕೆ ಕಿತ್ತರು. ಅದನ್ನು ಬಿಟ್ಟರೆ ಮಸಾಲೆ ಒಳಗೆ ಇಳಿಯುವುದಿಲ್ಲವಂತೆ, ಖಂಡ ರಬ್ಬರಾಗುತ್ತದಂತೆ. ಉಪ್ಪು, ಅರಿಶಿನ, ಶುಂಠಿ-ಬೆಳ್ಳುಳ್ಳಿ, ಅರೆದ ಒಣಮೆಣಸಿನಕಾಯಿ, ಒಂದು ಚಮಚ ಹಸಿ ಪಪ್ಪಾಯಿಕಾಯಿ ರುಬ್ಬಿದ್ದು. ನಾಲ್ಕು ತಾಸು ನೆನೆಸಿ, ಹುಣಸೆ ನೀರು ಚಿಮುಕಿಸಿ, ಹೋಟೆಲ್ ಪಾರ್ಸಲ್ಲಿನ ಬೆಳ್ಳಿ ಹಾಳೆಯಂಥದ್ದರಲ್ಲಿ ಗಾಳಿಯಾಡದಂತೆ ಸುತ್ತಿ, ನೂರೈವತ್ತು ಡಿಗ್ರಿಗೆ ಒಂದು ತಾಸು. ಆಮೇಲೆ ಹಾಳೆ ಬಿಚ್ಚಿ, ಇಳಿದ ರಸವನ್ನೇ ಸವರಿ, ಇನ್ನೂರಕ್ಕೆ ಎಂಟು ನಿಮಿಷ. ಎಲುಬು ಹಿಡಿದೆತ್ತಿದರೆ ಎಲುಬಷ್ಟೇ ಕೈಗೆ ಬಂತು. ಅತ್ತೆ ಒಂದು ತುಣುಕು ಬಾಯಿಗಿಟ್ಟು ವಸಡಿನಿಂದಲೇ ಅರೆದು, ಕಣ್ಣು ಮುಚ್ಚಿ ಎರಡು ಸಲ ತಲೆಯಾಡಿಸಿದರು.

ಅದೇ ದಿನ ನಾನು ಕರೂರಿಗೆ ಫೋನ್ ಹಚ್ಚಿದೆ. "ಮಾವಾ, ಈ ಸಲ ಉಗಾದಿಗೆ ಪಾಲು ತರಲಿಲ್ಲಂದ್ರ ನಾನೇ ನಿಮ್ಮ ಮನಿ ಮುಂದ ಬಂದು ಕುಂದ್ರತೀನಿ ನೋಡ್ರಿ."

"ತಂದು ಏನ್ಮಾಡ್ಲವ್ವಾ? ಮತ್ತ ಊರಿಗೆಲ್ಲ ಹಂಚಾಕೇನು?"

"ನಿಮ್ಮ ಕಣ್ಣ ಮುಂದ ತಿಂತಾರ. ತಿನ್ನಲಿಲ್ಲಂದ್ರ ಮತ್ತ ನಮ್ಮ ಹೊಸ್ತಲ ತುಳೀಬ್ಯಾಡ್ರಿ." ಆಣೆಯನ್ನಂತೂ ಮುರಿದಿರಲಿಲ್ಲ.

ಉಗಾದಿಯ ಮರುದಿನ ಮಾವ ಬೆಳಿಗ್ಗೆಯೇ ಬಂದರು. ಡಬ್ಬಿ ಕೈಗೆ ಕೊಡಲಿಲ್ಲ, ಹಿತ್ತಲ ಕಟ್ಟೆಯ ಮೇಲಿಟ್ಟರು. ಖಂಡ ನೆನೆಯುವ ನಾಲ್ಕು ತಾಸೂ ಅಲ್ಲೇ ಕೂತರು. ಆ ಬಿಸಿಲಲ್ಲಿ ನೀರೂ ಬೇಡ ಎಂದರು. ಗಾಳಿ ಒಲೆಯನ್ನು ಓರೆಗಣ್ಣಿನಿಂದ ನೋಡಿ, "ಕೆಂಡ ಇಲ್ಲೇನು?" ಎಂದಷ್ಟೇ ಕೇಳಿದರು. ಪೊಟ್ಟಣವನ್ನು ಒಳಗಿಟ್ಟು ನಲವತ್ತು ನಿಮಿಷ ಆಗಿತ್ತು, ಕರೆಂಟ್ ಹೋಯಿತು. ನನಗೆ ಅಳುವೇ ಬಂತು. ಬುಟ್ಟಿ ಎಳೆದು ನೋಡಹೋದರೆ ಅತ್ತೆ ಕೈ ಹಿಡಿದರು. "ತೆಗೀಬ್ಯಾಡ. ಒಳಗಿನ ಕಾವಿಗೆ ಬೇಯ್ತೈತಿ."

ಮುಕ್ಕಾಲು ತಾಸು ಅಕ್ಕ ಒಂದು ಮೂಲೆಯಲ್ಲಿ, ತಮ್ಮ ಒಂದು ಮೂಲೆಯಲ್ಲಿ. ಮಾವನ ತುಟಿ ಒಣಗಿತ್ತು. ಇನ್ನೇನು ಎದ್ದು ಹೊರಡುತ್ತಾರೆ ಎನ್ನುವಾಗ ಕರೆಂಟ್ ಬಂತು. ಉಳಿದ ಇಪ್ಪತ್ತು ನಿಮಿಷ, ಮೇಲೆ ಎಂಟು ನಿಮಿಷ. ತಟ್ಟೆ ಮುಂದಿಟ್ಟೆ. ಮಾವ ನೆಟ್ಟಗೆ ಕೂತರು.

ಅತ್ತೆ ಎಡಗೈಯಲ್ಲಿ ಸೆರಗು ಮರೆ ಮಾಡಿ, ಬಲಗೈಯಲ್ಲಿ ಎಲುಬೆತ್ತಿ ಬಾಯಿಗಿಟ್ಟು ಎಳೆದರು. ಎಲುಬು ಬೆಳ್ಳಗೆ ಹೊರಬಂತು. ಒಂದು ತಿಂದರು, ಎರಡು ತಿಂದರು. ಎರಡು ವರ್ಷ ತಪ್ಪಿದ ಮೇಲೆ ಸಿಕ್ಕ ತವರಿನ ರುಚಿ, ಮೂರನೆಯದಕ್ಕೆ ಸೆರಗಿನ ನೆನಪೇ ಹೋಯಿತು. ಮಾವ ಮಾತ್ರ ಎಂದಿನಂತೆ ಮೊದಲ ಎಲುಬೆತ್ತಿ ತಿರುಗಿಸಿ ನೋಡುತ್ತಿದ್ದರು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ತಲೆಯೆತ್ತಿ ಅಕ್ಕನ ಬಾಯಿ ನೋಡಿದರು.

"ಹಲ್ಲು ಎಲ್ಲಿ ಹೋದ್ವಕ್ಕ?"

ಅತ್ತೆ ಗಕ್ಕನೆ ಸೆರಗಿಗೆ ಕೈ ಹಾಕಿ, ಬಿಟ್ಟರು. "ಪ್ಯಾಂಟಿನ ದಾರದಾಗ ಹೋದ್ವಲೇ."

"ಅದಕ್ಕ ಹರಕಿ ಅಂದ್ಯಾ?"

"ಹೂಂ."

ಮಾವನ ಕಣ್ಣಲ್ಲಿ ನೀರು ತುಂಬಿತು. "ನಂಗೊಂದು ಮಾತು ಹೇಳಾಕ ಆಗ್ಲಿಲ್ಲೇನಕ್ಕ? ನಾನೇ ಅಗದು ಕೊಡತಿದ್ನಲ್ಲ!" ಎಂದರು.

"ಥೂ, ಹೊಲಸು! ಆ ಎಲಿ ಅಡಕಿ ಬಾಯಾಗೇನು?" ಎಂದು ಅತ್ತೆ ಬೈದು, ಬೈಯುತ್ತಲೇ ನಗತೊಡಗಿದರು. ಮಾವನೂ ನಕ್ಕು, ಕಣ್ಣೊರೆಸಿಕೊಂಡು ತಂಬಿಗೆಗೆ ಕೈ ಚಾಚಿದರು. ಅತ್ತೆ ಬೊಚ್ಚುಬಾಯಿ ಇಷ್ಟಗಲ ತೆರೆದು ನಗುತ್ತಲೇ ಇದ್ದರು. ಸೆರಗು ಹೆಗಲ ಮೇಲೇ ಇತ್ತು.