ಪಾನಶೇತದ ದಂಡೆಯಲ್ಲಿ ಡಿಶ್ ಹಿಡಿದವರು

ನನ್ನ ಗಂಡನಿಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿಯ ಗೆಳೆಯರೊಬ್ಬರು ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಮಾಡಿಸಿದ್ದರು. ಒಳಗೆ ಎರಡು ಮಂಚ, ಒಂದು ಒಲೆ, ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಟೀವಿ, ಅದಕ್ಕೊಂದು ಡಿಶ್. ಒಂದು ರವಿವಾರ ಅದನ್ನು ಕೇಳಿ ತಂದು, ನನ್ನನ್ನೂ ಅತ್ತೆಯವರನ್ನೂ ಕೂರಿಸಿಕೊಂಡು ಪುಣೆಯ ಕೊಂಢವಾದಿಂದ ಪಾನಶೇತ ಅಣೆಕಟ್ಟಿನ ಹಿನ್ನೀರಿಗೆ ಹೊರಟರು.

ಅತ್ತೆ ಧಾರವಾಡದವರು. ಪುಣೆಗೆ ಬಂದು ಎಷ್ಟೋ ವರ್ಷವಾದರೂ ಧಾರಾವಾಹಿ ಮಾತ್ರ ಕನ್ನಡದ್ದೇ ಬೇಕು. "ಮರಾಠಿಯೊಳಗ ಬೈದರ ಬೈದಂಗ ಅನಸೂದಿಲ್ಲವಾ" ಎನ್ನುತ್ತಿದ್ದರು. ಅಂದು ಮಧ್ಯಾಹ್ನ ಅವರ ಧಾರಾವಾಹಿಯ ದೊಡ್ಡ ಸಂಚಿಕೆ. ಅದೇ ಹೊತ್ತಿಗೆ ಅವರ ಮಗನಿಗೆ, ಅಂದರೆ ನನ್ನ ಗಂಡನಿಗೆ, ಟೀವಿಯಲ್ಲಿ ಕ್ರಿಕೆಟ್ ಮ್ಯಾಚು ನೋಡಬೇಕು.

"ಮೊದಲ ಸಿಗ್ನಲ್ ಬರಲಿ, ಆಮ್ಯಾಲೆ ನೋಡೂಣು" ಎಂದು ಗಂಡ ಡಿಶ್ ಎತ್ತಿಕೊಂಡು ಟ್ರೇಲರಿನ ಮಾಡು ಹತ್ತಿದರು.

ಮನೆಯ ಗಚ್ಚಿಯ ಮೇಲೆ ಡಿಶ್ ಒಮ್ಮೆ ಕೂರಿಸಿದರೆ ಮುಗಿಯಿತು. ಟ್ರೇಲರಿಗೆ ಹಾಗಲ್ಲ, ನಿಲ್ಲಿಸಿದಲ್ಲೆಲ್ಲ ಆಕಾಶವನ್ನು ಹೊಸದಾಗಿ ಹುಡುಕಬೇಕು. ಮೊದಲು ಮಾವಿನ ಮರ ಅಡ್ಡ ಬಂತು. ಬಯಲಿಗೆ ಸರಿಸಿದೆವು. ಅಲ್ಲಿ ನೆಲ ಓರೆ, ಗಾಲಿಗೆ ಕಲ್ಲು ಕೊಟ್ಟೆವು. ಆಮೇಲೆ ನೋಡಿದರೆ ಡಿಶ್ಶಿನ ಬೋಲ್ಟು ಸವೆದಿದೆ. ಎಷ್ಟು ಬಿಗಿ ಮಾಡಿದರೂ ಗಾಳಿಗೆ ತಲೆಯಾಡಿಸುತ್ತದೆ. ಹಳೆಯ ಟೀವಿಯಾದರೆ ಮಸುಕಾಗಿಯಾದರೂ ಕಾಣುತ್ತಿತ್ತು. ಈ ಡಿಜಿಟಲ್ ಭಾಳ ಹಟಮಾರಿ. ಬಂದರೆ ಕನ್ನಡಿಯಂತೆ, ಇಲ್ಲದಿದ್ದರೆ ಚೌಕ ಚೌಕವಾಗಿ ಒಡೆದು ಕಪ್ಪು.

ಕೊನೆಗೆ ಗಂಡ ಡಿಶ್ಶನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸತೊಡಗಿದರು. ನಾನು ಕೆಳಗೆ ಏಣಿ ಹಿಡಿದಿದ್ದೆ. ರಿಮೋಟ್ ಒಳಗೆ ಅತ್ತೆಯ ಕೈಯಲ್ಲಿ.

"ಅವ್ವಾ, ಬಂತೇನು?"

"ಬರಲಿಕ್ಕೆ ಹತ್ತೇದ! ಅಲ್ಲೇ ಹಿಡಿ, ಅಳ್ಳಾಡಬ್ಯಾಡ!"

"ಸಿಗ್ನಲ್ ಎಷ್ಟದ?"

"ಅರ್ಧ ಅದ. ಹಾಂಗೇ ನಿಂತರ ಏರತದ."

ಅವರು ಹಾಗೇ ನಿಂತರು. ಪಕ್ಕದಲ್ಲಿ ಚಾಪೆ ಹಾಸಿದ್ದ ಮರಾಠಿ ಕುಟುಂಬದವರು ಊಟ ಬಿಟ್ಟು ಅವರ ಫೋಟೋ ತೆಗೆದರು. ಬಹಳ ಹೊತ್ತಾದರೂ ಅರ್ಧ ಅರ್ಧವೇ ಉಳಿದದ್ದು ನೋಡಿ ನನಗೆ ಅನುಮಾನ ಬಂತು. ಒಳಗೆ ಇಣುಕಿದೆ.

ಟೀವಿಯಲ್ಲಿ ಚಿತ್ರ ಥಳಥಳ ಹೊಳೆಯುತ್ತಿತ್ತು. ಧ್ವನಿ ಮಾತ್ರ ಇಲ್ಲ. ಅತ್ತೆ ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಮಂಚದ ಮೇಲೆ ಸ್ವಲ್ಪ ಸರಿದರು. ನಾನೂ ಕೂತೆ.

ಅಷ್ಟರಲ್ಲಿ ಧಾರಾವಾಹಿಯ ಸೊಸೆ ತಿಜೋರಿಯ ಕೀಲಿಕೈಯನ್ನು ತನ್ನ ಅತ್ತೆಯ ಮುಂದೆ ಎಸೆದುಬಿಟ್ಟಳು.

"ಅಯ್ಯ, ಒಗದೇಬಿಟ್ಟಳಲ್ಲ!" ನಮ್ಮ ಅತ್ತೆ ಚೀರಿದರು.

ಮಾಡಿನ ಮೇಲಿಂದ, "ಯಾರು? ಏನು ಒಗದ್ರು?"

"ಯಾರಿಲ್ಲಪಾ, ನೀ ಹಿಡಕೊಂಡಿರು."

ಮರುಗಳಿಗೆ ಕಿಟಕಿಯಲ್ಲಿ ಗಂಡನ ಮುಖ ತಲೆಕೆಳಗಾಗಿ ಇಳಿಯಿತು. ಸೊಸೆ, ಕೀಲಿಕೈ, ತಿಜೋರಿ ಎಲ್ಲ ಚೌಕಗಳಾಗಿ ಒಡೆದವು.

"ಯಾಕ ಬಿಟ್ಟಿ?" ಅತ್ತೆಗೆ ನಿಜವಾಗಿ ಸಿಟ್ಟು ಬಂದಿತ್ತು. "ಈಗಷ್ಟ ಪೂರ್ತಿ ಬಂದಿತ್ತು!"

ಗಂಡ ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ತಲೆಕೆಳಗಾಗಿಯೇ ನಗತೊಡಗಿದರು. ಬಟ್ಟೆ ಒಣಹಾಕುವ ಹಗ್ಗದಿಂದ ಡಿಶ್ಶನ್ನು ನೀರು ತುಂಬಿದ ಬಕೆಟ್ಟಿಗೆ ಬಿಗಿದೆವು, ಅದು ಮಿಸುಕಲಿಲ್ಲ. ಧಾರಾವಾಹಿ ಮುಗಿದ ಮೇಲೆ ಮ್ಯಾಚಿನ ಕಡೆಯ ಭಾಗ ಅವರಿಗೆ ಸಿಕ್ಕಿತು. ನಮ್ಮವರು ಹೀನಾಯವಾಗಿ ಸೋತರು.

"ಇದನ್ನ ನೋಡಲಿಕ್ಕೆ ಇಷ್ಟೊತ್ತು ಬಿಸಲಾಗ ನಿಂತಿದ್ದೇನು?" ಎಂದು ಅತ್ತೆ ಮಗನ ಕೈಗೆ ಚಹದ ಕಪ್ಪು ಕೊಟ್ಟರು.