ಎರಿಮಣ್ಣಿನ ಗಂಟು

ಬೈಲಹೊಂಗಲದ ಕಡೆಯಿಂದ ಬಸ್ಸಿನಲ್ಲಿ ಬರುವಾಗ ಮಣ್ಣಿನ ಬಣ್ಣ ನೋಡಿಯೇ ಊರು ಎಷ್ಟು ಹಿಂದೆ ಉಳಿಯಿತೆಂದು ಹೇಳಬಹುದಿತ್ತು. ನಮ್ಮ ಹೊಲಗಳದು ಕಪ್ಪು ಎರಿಮಣ್ಣು, ಬದುವಿನ ಮೇಲೆ ಜಾಲಿ, ಬನ್ನಿ ಗಿಡ. ಬೆಳಗಾವಿ ಹತ್ತಿರವಾದಂತೆ ಕಪ್ಪಿನಲ್ಲಿ ಕಂದು ಬೆರೆಯುತ್ತಿತ್ತು. ಟಿಳಕವಾಡಿ ದಾಟಿ ಖಾನಾಪುರದ ದಾರಿ ಹಿಡಿದರೆ ಗಟಾರದ ನೀರೂ ಕೆಂಪು. ಜಾಲಿ ಕಾಣದಾಗಿ ಮತ್ತಿ, ನೇರಳೆ, ಹಲಸು ಶುರುವಾಗುತ್ತಿದ್ದವು. ಎಪ್ಪತ್ತರ ದಶಕದ ನಡುವೆ ನಮ್ಮ ಯಜಮಾನರಿಗೆ ಖಾನಾಪುರಕ್ಕೆ ವರ್ಗವಾದ ಮೇಲೆ ಆ ದಾರಿ ನನಗೆ ಬಾಯಿಪಾಠವಾಯಿತು.

ಮಾವನವರು ತೀರಿಕೊಂಡ ಮರುವರ್ಷ ಬೇಸಿಗೆಯಲ್ಲಿ ಅತ್ತೆ ನಮ್ಮಲ್ಲಿ ಇರಲು ಬಂದರು. ಒಂದು ಟ್ರಂಕು, ಒಂದು ತಾಮ್ರದ ಕೊಡ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಎರಿಮಣ್ಣು. ಗಂಟನ್ನು ಬಚ್ಚಲ ಒಲೆಯ ಮೇಲೆ ಗೋಡೆಯ ಮಾಡದಲ್ಲಿ ಇಟ್ಟರು, ಅಲ್ಲಿ ತೇವ ಹಿಡಿಯುವುದಿಲ್ಲವೆಂದು. ನಮ್ಮ ಕಡೆಯ ಹೆಂಗಸರು ಎರಿಮಣ್ಣು ನೆನೆಹಾಕಿ ಕೂದಲಿಗೆ ಹಚ್ಚಿ ಎರೆದುಕೊಳ್ಳುವವರು. ತವರಿನಿಂದ ನಾನೂ ತರುತ್ತಿದ್ದೆ. ಹಾಗಾಗಿ, ಬಚ್ಚಲಲ್ಲಿ ಇಟ್ಟದ್ದು ನನಗೇ ಇರಬೇಕೆಂದು ವಾರಕ್ಕೊಂದು ಹಿಡಿ ತೆಗೆದು ತಲೆಗೆ ಹಚ್ಚಿಕೊಂಡೆ. ಖಾಲಿ ಅರಿವೆಯನ್ನು ಅಲ್ಲೇ ಮಡಿಸಿಟ್ಟೆ.

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಅತ್ತೆ ಮಾಡದಲ್ಲಿ ಕೈಯಾಡಿಸಿದರು.

“ಮಣ್ಣ ಎಲ್ಲಿ ಹೋತವ್ವಾ?”

“ತಲಿಗೆ ಹಚ್ಚಿಕೊಂಡ್ನಿರಿ ಅತ್ತಿ. ನನಗಽ ತಂದೀರಿ ಅಂತ ತಿಳದೆ.”

“ಎತ್ತಿನ ಮಣ್ಣ ತಲಿಗೆ ಎರಕೊಂಡಿ?” ನನ್ನ ಜಡೆ ಹಿಡಿದು ನೋಡಿದರು. “ಅದಕ್ಕಽ ರೇಷ್ಮಿ ಆಗೇತಿ. ನಾ ಎಣ್ಣಿ ಛಲೋ ಐತಿ ಅಂತ ಮಾಡಿದ್ದೆ.”

ನಾನು ನಕ್ಕೆ, ಅವರು ನಗಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಈ ಅಮಾವಾಸ್ಯೆಯ ಪೂಜೆಗೆ ಮಣ್ಣಿನ ಜೋಡೆತ್ತು ಮಾಡುವುದು ಅವರ ಕೆಲಸ, ಹೊಲದಿಂದ ಮಣ್ಣು ತರುವುದು ಮಾವನವರದು. ಈ ಸಲ ಅತ್ತೆ ತಾವೇ ಹೋಗಿ ಅಗೆದು ತಂದಿದ್ದರು.

“ನಸುಕಿನ ಬಸ್ಸಿಗೆ ಊರಿಗೆ ಹೋಗ್ತೀನಿ. ಎತ್ತಿಲ್ಲದ ಅಮಾಸಿ ನಾ ಮಾಡಿಲ್ಲ” ಎಂದು ಸೀರೆ ಮಡಿಸತೊಡಗಿದರು. ಒಮ್ಮೆ ಹೋದರೆ ತಿರುಗಿ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅಲ್ಲಿ ಬೀಗ ಹಾಕಿದ ಮನೆ, ನೀರು ಸೇದಿ ಕೊಡುವವರೂ ಇರಲಿಲ್ಲ.

ಹಿತ್ತಲಿನ ಮಣ್ಣು ಅಗೆದು, ಹರಳು ಆರಿಸಿ, ನೀರು ಹಾಕಿ ನಾದಿದೆ. ಎತ್ತಿನ ಮೈ ಹೇಗೋ ನಿಂತಿತು. ಕೋಡು ಹಚ್ಚಿದರೆ ಉದುರಿತು. ಬೇಲಿಯಾಚೆಯಿಂದ ಬಾಜೂ ಮನೆಯ ಮಾವಶಿ ನೋಡುತ್ತಿದ್ದರು. ಮನೆಮಾತು ಮರಾಠಿಯಾದರೂ ನನ್ನೊಡನೆ ಕನ್ನಡವನ್ನೇ ಆಡುತ್ತಿದ್ದ, ಗದ್ದೆ ಮಾಡುವ ಮನೆಯ ಹೆಂಗಸು; ಚಿಕ್ಕಮ್ಮ ಎನ್ನುವ ಬದಲು ನಾನು ಅವರ ಮಾತಿನಲ್ಲೇ ಮಾವಶಿ ಎನ್ನುತ್ತಿದ್ದೆ.

“ಅಗ ಪೋರಿ, ಏನ ಮಾಡಾಕ ಹತ್ತಿ? ಬೆಕ್ಕು?”

“ಎತ್ತ್ರೀ ಮಾವಶಿ.”

“ಕೋಡಿಲ್ಲ, ಬಾಲಿಲ್ಲ, ಎತ್ತಂತ! ಈ ಏರಿನ ಮ್ಯಾಲಿನ ಮಣ್ಣಾಗ ಜಿಗಿ ಎಲ್ಲಿ ಬರಬೇಕು? ಮಳಿ ಎಲ್ಲಾ ತೊಳಕೊಂಡ ಕೆಳಗ ಒಯ್ದೈತಿ. ಬುಟ್ಟಿ ತಗೋ, ನಡಿ.”

ಮಳೆಯಲ್ಲೇ ಇಳಿದೆವು. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಸಂದಿಯಲ್ಲಿ ಕವಳಿಹಣ್ಣಿನ ಮುಳ್ಳುಗಂಟಿ ಬಿಟ್ಟರೆ ಬೇರೇನಿಲ್ಲ. ಸ್ವಲ್ಪ ಕೆಳಗೆ ಮತ್ತಿ, ನೇರಳೆ ಮರಗಳ ನೆರಳು. ಅಲ್ಲಿನ ನೆಲ ಕಪ್ಪಗೆ, ಮೆತ್ತಗೆ. ಎರಿಮಣ್ಣೇ ಸಿಕ್ಕಿತೆಂದು ಕುಕ್ಕರಗಾಲಿನಲ್ಲಿ ಕೂತು ಹಿಡಿ ತುಂಬಿಕೊಂಡೆ. ಚಹಾಪುಡಿಯಂತೆ ಬೆರಳ ಸಂದಿಯಿಂದ ಜಾರಿತು.

“ಅದು ಕೊಳತ ಎಲಿ. ಗಿಡಕ್ಕ ಛಲೋ, ಎತ್ತಿಗಲ್ಲ” ಎಂದರು ಮಾವಶಿ.

ಇಳಿಜಾರು ಮುಗಿಯುವಲ್ಲಿ ಅವರ ಗದ್ದೆ. ಬದುವಿನ ಬುಡದಲ್ಲಿ ಗೇಣು ಆಳ ಅಗೆದರೆ ಬೂದು ಬಣ್ಣದ ಮಣ್ಣು, ಕಾಲಿಟ್ಟರೆ ಬಿಡದಷ್ಟು ಜಿಗಿ. ನನ್ನ ಚಪ್ಪಲಿ ಒಂದು ಅಲ್ಲೇ ಉಳಿಯಿತು.

ಮನೆಗೆ ಬಂದಾಗ ಅತ್ತೆ ಬುಟ್ಟಿಯಿಂದ ಒಂದು ಚಿಟಿಕೆ ತೆಗೆದುಕೊಂಡು ಅಂಗೈಯಲ್ಲಿ ದಾರದಂತೆ ಹೊಸೆದರು, ಬೆರಳಿಗೆ ಸುತ್ತಿದರು. ಒಡೆಯಲಿಲ್ಲ. ಮಡಿಸಿದ ಸೀರೆಗಳನ್ನು ಪಕ್ಕಕ್ಕೆ ಸರಿಸಿ, ಮಣೆ ಎಳೆದುಕೊಂಡು ಕೂತರು. ನಮ್ಮೂರಿನ ಎತ್ತಿನ ಹಾಗೆ ಹೆಗಲ ಮೇಲೆ ಎತ್ತರದ ಇಣಿ, ಉದ್ದ ಕೋಡು ಮಾಡಿದರು. ಆ ಹಸಿ ಹವೆಯಲ್ಲಿ ಕೋಡು ಆರುವ ಬದಲು ಬಾಗಿ ಕಣ್ಣಿಗೆ ಬಂದವು. ಮತ್ತೆ ಮಾಡಿದರು, ಮತ್ತೆ ಬಾಗಿದವು. ಆಮೇಲೆ ಕಿಟಕಿಯಿಂದ ಮಾವಶಿಯ ಕೊಟ್ಟಿಗೆಯನ್ನು ತುಸು ಹೊತ್ತು ನೋಡಿದರು. ಅಲ್ಲಿ ಕಟ್ಟಿದ್ದವು ಮೋಟು ಕೋಡಿನ ಗಿಡ್ಡ ಎತ್ತುಗಳು. ಮೂರನೆಯ ಸಲ ಅಂಥ ಕೋಡನ್ನೇ ಚಿವುಟಿ ಎತ್ತಿದರು. ನಿಂತವು. ಒಲೆಯ ಮೇಲಿನ ಹಲಗೆಯ ಮೇಲೆ ಒಣಗಲು ಇಟ್ಟೆವು.

ಮರುದಿನ ಪೂಜೆಗೆ ಬಂದ ಮಾವಶಿ, “ಇವನ್ನ ನಮ್ಮ ಕೊಟಗ್ಯಾಗಿಂದ ಯಾವಾಗ ಬಿಟಗೊಂಡ ಬಂದ್ರಿ?” ಎಂದರು.

“ಇಲ್ಲಿ ಮಣ್ಣ ಇಷ್ಟಽ ಎತ್ತರ ಬೆಳಸ್ತೈತಿ, ನಾ ಏನ ಮಾಡ್ಲಿ?” ಎಂದು ಅತ್ತೆ ಊರಿನಿಂದ ತಂದ ಜೋಳದ ಕಾಳನ್ನು ಎತ್ತುಗಳ ಮುಂದೆ ಸುರಿದರು.

ಮರುವರ್ಷ ನಾನು ತವರಿಗೆ ಹೊರಟಾಗ ಅದೇ ಸೀರೆಯ ತುಂಡು ಕೊಟ್ಟರು. ಈ ಸಲ ಎತ್ತಿಗೆಂದು ಬೇರೆ ಗಂಟು ಕಟ್ಟಿಸಿಕೊಂಡು ಬರುತ್ತೇನೆ ಎಂದೆ.

“ಒಂದಽ ತಾ, ತಲಿಗೆ” ಎಂದರು. “ನನ್ನ ಕೂದಲಾನೂ ಭಾಳ ಒರಟ ಆಗ್ಯಾವ.”