ಅಲುಗಿದ ದೀಪ

ಬೀರುವಿನ ಮೇಲಿನಿಂದ ಇಳಿಸಿದ ಚರ್ಮದ ಚೀಲ ಬಿಚ್ಚಿದರೆ ನುಸಿಗುಳಿಗೆಯ ವಾಸನೆ. ಒಳಗೆ ಕ್ಯಾಮೆರಾ ಇಲ್ಲ, ಅದು ಎಂದೋ ಕೆಟ್ಟುಹೋಯಿತು. ಉಳಿದಿರುವುದು ಒಂದು ಉದ್ದನೆಯ ಲೆನ್ಸು, ಅದರ ಗಾಜಿನೊಳಗೆ ಜೇಡರ ಬಲೆಯಂಥ ಫಂಗಸ್ಸು, ಜೊತೆಗೆ ಒಂದು ಫೋಟೋ. ಈ ವಯಸ್ಸಿನಲ್ಲಿ ಇವಳಿಗೇಕೆ ಲೆನ್ಸಿನ ಚಿಂತೆ ಎನ್ನುತ್ತೀರೇನೋ. ಭಾನುವಾರ ಸಂಜೆ ಟಿ. ನರಸೀಪುರದ ಶಾಲೆಯೊಂದರ ಹಾಲ್‌ನಲ್ಲಿ ನನ್ನ ಗೆಳತಿ ವನಜಾ ಅಭಿನಯ ಮಾಡುತ್ತಾಳೆ, ಸ್ಟೂಲಿನ ಮೇಲೆ ಕೂತು. ಮಂಡಿ ಕೈಕೊಟ್ಟಿವೆ. ಆಮೇಲೆ ಗೆಜ್ಜೆಯನ್ನು ಶಿಷ್ಯೆಗೆ ಕೊಟ್ಟುಬಿಡುತ್ತಾಳಂತೆ. ಫೋಟೋ ನಾನೇ ತೆಗೆಯಬೇಕಂತೆ.

ಮೊಮ್ಮಗಳು ಅನನ್ಯಾ ತನ್ನ ಕ್ಯಾಮೆರಾದ ಜೊತೆ ಎರಡು ಲೆನ್ಸು ತಂದು ಮೇಜಿನ ಮೇಲಿಟ್ಟಿದ್ದಾಳೆ. ಒಂದು ಲೋಟದಷ್ಟು ಗಿಡ್ಡ, ಇನ್ನೊಂದು ಹೂಜಿಯಷ್ಟು ಉದ್ದ. “ಎರಡೂ ಹೊತ್ಕೊಂಡು ಹೋಗಕ್ಕಾಗಲ್ಲ ಅಜ್ಜಿ, ಒಂದನ್ನ ಚೂಸ್ ಮಾಡು,” ಎಂದಳು.

ಐವತ್ತು ವರ್ಷದ ಹಿಂದೆ, ವನಜಾಳ ನೃತ್ಯದ ಫೋಟೋ ತೆಗೆಯಲು ಹೊರಟಾಗ, ಇದೇ ಪ್ರಶ್ನೆಯನ್ನು ನಂಜನಗೂಡಿನ ಸ್ಟುಡಿಯೋ ಪುಟ್ಟಸ್ವಾಮಪ್ಪ ನನ್ನೆದುರು ಇಟ್ಟಿದ್ದರು. ನನಗೆ ಕ್ಯಾಮೆರಾ ಹುಚ್ಚು, ಅವರಿಗೆ ಲೆನ್ಸನ್ನು ಎರವಲು ಕೊಡುವ ಧಾರಾಳ. “ಗಿಡ್ಡಂದೇ ತಗಳಿ ಕಣವ್ವ. ಅದು ಬಾಯಿ ದೊಡ್ದಾಗಿ ತಗೀತದೆ, ಬೆಳಕು ಒಳೀಕ್ ಓಯ್ತದೆ. ಉದ್ದಂದು ದೂರದ್ದ ಅತ್ರ ತೋರಿಸ್ತದೆ, ಮಬ್ಬಲ್ಲಿ ಮಾತ್ರ ಕುಲ್ಡು. ಕೈ ಒಂಚೂರು ಅಲ್ಲಾಡುದ್ರೂ ಕೆಡ್ತದೆ.”

“ಗಿಡ್ಡದಾದರೆ ಹತ್ತಿರ ಹೋಗಬೇಕಲ್ಲ?”

“ಓಗಿ. ಮುಂದ್ಗಡೆ ಜಮಖಾನದ ಮ್ಯಾಲೆ ಕೂತ್ಕಳಿ. ಯಾರ್ ಬ್ಯಾಡ ಅಂತಾರೆ?”

ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಆ ಜಮಖಾನ ಚಿಕ್ಕ ಮಕ್ಕಳದು. ಅದರ ಹಿಂದೆ ಹಿರಿಯರ ಕುರ್ಚಿ, ಎಡಗಡೆ ಕಂಬದ ಪಕ್ಕ ನಾವು ಹೆಂಗಸರು. ಲೇಡಿ ಎನಿಸಿಕೊಂಡವಳು ಮುಂದೆ ನುಗ್ಗುವುದಿಲ್ಲ ಎಂದು ಕಾನ್ವೆಂಟಿನ ಸಿಸ್ಟರ್ ಹತ್ತು ವರ್ಷ ಹೇಳಿಕೊಟ್ಟಿದ್ದರು. ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ನಾನು ಹೊಸ ವಾಯಿಲ್ ಸೀರೆ ಉಟ್ಟಿದ್ದೆ. ನೆಲದಲ್ಲಿ ಕೂತರೆ ಇಸ್ತ್ರಿ ಹಾಳು. ಉದ್ದದ ಲೆನ್ಸನ್ನೇ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಕಪಿಲೆ ಒಂದಷ್ಟು ದೂರ ಕಿಟಕಿಯಲ್ಲಿ ಕಂಡಳು, ಕಬ್ಬಿನ ಗದ್ದೆಯ ಹಿಂದೆ ಮರೆಯಾದಳು, ಮತ್ತೆ ಕಂಡಳು. ನರಸೀಪುರದಲ್ಲಿ ಅವಳು ಕಾವೇರಿಯನ್ನು ಸೇರಬೇಕು, ನಾನು ವನಜಾಳನ್ನು. ಅಂದು ನನಗೆ ಹೀಗೆಲ್ಲ ಅನಿಸುತ್ತಿತ್ತು.

ಹಾಲ್‌ನಲ್ಲಿ ಎರಡು ಬಲ್ಬು, ವೇದಿಕೆಯ ಅಂಚಿನಲ್ಲಿ ಆಳೆತ್ತರದ ದೀಪದ ಕಂಬ. ಫ್ಲಾಶ್ ಹೊಡೆಯಕೂಡದೆಂದು ನೃತ್ಯದ ಮೇಷ್ಟ್ರು ಮೊದಲೇ ಹೇಳಿದ್ದರು. ಗೆಜ್ಜೆ ಕಟ್ಟಿಕೊಳ್ಳುತ್ತ ವನಜಾ ಪಿಸುಗುಟ್ಟಿದಳು: “ಕೊನೇ ಜತಿ ಮುಗಿಯೋವಾಗ ನಿಲ್ತೀನಿ ಕಣೇ. ನಿನಗೋಸ್ಕರ ತಾಳದ ಒಂದು ಏಟು ಜಾಸ್ತಿ ನಿಲ್ತೀನಿ. ಆಗ ಒತ್ತು.”

ನಿಂತಳು. ದೀಪದ ಬೆಳಕು ಅವಳ ಕೆನ್ನೆಯ ಮೇಲೆ ಜೇನಿನ ಹಾಗೆ ಇಳಿಯುತ್ತಿತ್ತು. ಹಿಂದೆ, ಹೆಂಗಸರ ಸಾಲಿನಿಂದ ನಾನು ಒತ್ತಿದೆ.

ತೊಳೆದು ಬಂದ ಫೋಟೋದಲ್ಲಿ ವನಜಾ ನೀರಿಗೆ ಬಿದ್ದ ಕುಂಕುಮದ ಹಾಗೆ ಕದಡಿಹೋಗಿದ್ದಳು. “ನೀನು ಅಲುಗಿಬಿಟ್ಟೆ,” ಎಂದೆ. “ನಾನಾ? ತಾಳ ಬಿಟ್ಟು ನಿಂತೆ ಅಂತ ಮೇಷ್ಟ್ರ ಹತ್ರ ಬೈಸ್ಕೊಂಡಿದೀನಿ,” ಎಂದಳು. ಅಂದಿನಿಂದ ಯಾವ ಮದುವೆಮನೆಯಲ್ಲಿ ಸಿಕ್ಕರೂ ನಮಗೆ ಇದೇ ಜಗಳ, ಇದೇ ನಗು. ನಾನು ಮಾತ್ರ ಮತ್ತೆ ನೃತ್ಯದ ಫೋಟೋ ತೆಗೆಯಲಿಲ್ಲ; ಎರವಲಿನ ಆ ಲೆನ್ಸೂ ನನ್ನಲ್ಲೇ ಉಳಿದುಹೋಯಿತು. ಬೇರೆಯವರು ತೆಗೆದರು, ಎಲ್ಲ ಫ್ಲಾಶ್ ಹೊಡೆದು. ಅವುಗಳಲ್ಲಿ ವನಜಾ ವೋಟರ್ ಕಾರ್ಡಿನಲ್ಲಿ ಇದ್ದ ಹಾಗೆ ಇದ್ದಾಳೆ. ಆ ದೀಪದ ಬೆಳಕಿನ ವನಜಾ ಎಲ್ಲೂ ಇಲ್ಲ.

ಅನನ್ಯಾ ಚೀಲದಲ್ಲಿದ್ದ ಫೋಟೋವನ್ನು ಕಿಟಕಿಗೆ ಹಿಡಿದಳು. “ಅಜ್ಜಿ, ದೀಪದ ಕಂಬ ನೋಡು.”

“ಏನಾಗಿದೆ?”

“ಎರಡೆರಡಾಗಿದೆ. ಕಂಬ ಡಾನ್ಸ್ ಮಾಡಲ್ಲ ಅಲ್ವಾ? ಅವರು ಅಲ್ಲಾಡಿಲ್ಲ. ಶೇಕ್ ಆಗಿರೋದು ನಿನ್ನ ಕೈ.”

ಐವತ್ತು ವರ್ಷ ನಾನು ಆ ಮುಖವನ್ನಷ್ಟೇ ನೋಡಿದ್ದೆ. ದೀಪದ ಕಂಬದತ್ತ ಕಣ್ಣು ಹಾಯಿಸಿರಲಿಲ್ಲ.

ವನಜಾಳಿಗೆ ಫೋನ್ ಮಾಡಿದೆ. “ಸಾರಿ ಕಣೇ. ಅಲುಗಿದ್ದು ನಾನು.”

“ಗೊತ್ತಿತ್ತು,” ಎಂದಳು. “ಅವತ್ತು ನಿಂತ್ಕೊಂಡು ಜಮಖಾನದ ಮೇಲೆ ಹುಡುಕಿದೆ ನಿನ್ನ. ಬರೀ ಮಕ್ಕಳಿದ್ರು.”

“ಭಾನುವಾರ ಅಲ್ಲೇ ಕೂರ್ತೀನಿ. ಕೂತರೆ ಏಳಕ್ಕಾಗಲ್ಲ, ಅಷ್ಟೇ.”

“ನನಗೂ ಆಗಲ್ಲ. ಇಬ್ಬರೂ ಕೂತೇ ಇರೋಣ ಬಿಡು.”

ಗಿಡ್ಡ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿಸಿಕೊಂಡೆ. ಹೊರಗೆ ಹೊತ್ತು ಮುಳುಗುತ್ತಿತ್ತು. ದೇವರ ದೀಪ ಹಚ್ಚಿ, ಸೀರೆ ಮುದುಡಿದರೆ ಮುದುಡಲಿ ಎಂದು, ಅನನ್ಯಾಳ ಭುಜ ಹಿಡಿದು ನೆಲದ ಮೇಲೆ ಕೂತೆ. ಮೊಣಕೈಯನ್ನು ಮಂಡಿಗೆ ಊರಿದೆ. ಕೈ ಮೊದಲಿಗಿಂತ ಹೆಚ್ಚು ನಡುಗುತ್ತದೆ, ಆದರೆ ಎರಡೇ ಮೊಳ ದೂರ. ಉಸಿರು ಹಿಡಿದು ಒತ್ತಿದೆ. ಅನನ್ಯಾ ಬಗ್ಗಿ ಪರದೆಯಲ್ಲಿ ತೋರಿಸಿದಳು.

ದೀಪ ಒಂದೇ ಇತ್ತು.